ಮೂವತ್ತರ ಗೆರೆ

ನೈಲ್ ನದಿ ದಂಡೆಯ ನಮ್ಮ ದುಮ್ಯಾತಿನ ಸಂತೆಯಲ್ಲಿ ನಿಂತು ಮಿಸ್ ಇನ್ಶಿರಾ ಯಾರು ಅಂತ ಕೇಳಿ ನೋಡಿ. ಮೀನಿನ ಬುಟ್ಟಿ ಮುಂದೆ ಕೂತವಳಿಂದ ಹಿಡಿದು ಸೋಫಾ ಮಾರುವ ಸಾಹುಕಾರನವರೆಗೆ ಎಲ್ಲರೂ ಮೊದಲು ತಮ್ಮ ಕೈ ನೋಡಿಕೊಳ್ಳುತ್ತಾರೆ, ತೊಳೆದಿದೆಯೋ ಇಲ್ಲವೋ ಅಂತ. ಆಮೇಲೆ ಬಾಯಿ ಬಿಡುತ್ತಾರೆ: "ಓಹೋ, ಐಸಿಯು ಮಿಸ್ಸಾ? ಅಬ್ಬಬ್ಬಾ, ಆ ಹೆಂಗಸಾ!"

ನೋಡೋದಕ್ಕೇನೂ ಅಬ್ಬಬ್ಬಾ ಅನ್ನುವಂಥವಳಲ್ಲ. ಕುಳ್ಳಗೆ, ದುಂಡಗೆ, ಐವತ್ತೆರಡರ ನರ್ಸಮ್ಮ. ಎಡಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾಳೆ, ಹತ್ತುವಾಗ ಮೆಟ್ಟಿಲು ಕಟ್ಟಿದವನಿಗೆ ಶಾಪ ಹಾಕುತ್ತಾಳೆ. ಆದರೆ ಕಾಲುವೆ ಬದಿಯ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಎಂಟು ಹಾಸಿಗೆಯ ಕೋಣೆಯೊಂದಿದೆಯಲ್ಲ, ಅದರ ಬಾಗಿಲು ದಾಟಿದ ಮೇಲೆ ಅವಳ ಮಾತೇ ಮಾತು. ಒಮ್ಮೆ ಕೈರೋದಿಂದ ದೊಡ್ಡ ಪ್ರೊಫೆಸರೊಬ್ಬರು ಹಿಂದೆ ಹತ್ತು ಜನ ಶಿಷ್ಯರನ್ನು ಕಟ್ಟಿಕೊಂಡು ಬಂದರು. ಬಂದವರೇ ರೋಗಿಯ ಬಾಯಿಯ ಕೊಳವೆಗೆ ಕೈ ಹಾಕಹೊರಟರು. ಇನ್ಶಿರಾ ಅಡ್ಡ ನಿಂತಳು.

"ಸಾಹೇಬ್ರೇ, ನಲ್ಲಿ ಆ ಕಡೆ ಇದೆ."

"ನಾನು ಯಾರು ಅಂತ ಗೊತ್ತೇನಮ್ಮ ನಿನಗೆ?"

"ಗೊತ್ತು ಸಾಹೇಬ್ರೇ. ಇನ್ನೂ ಕೈ ತೊಳೀದೇ ಇರೋರು."

ಪ್ರೊಫೆಸರು ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದರು. ಹಿಂದಿನ ಹತ್ತು ಜನರೂ ಸಾಲಾಗಿ ತೊಳೆದುಕೊಂಡರು. ಈ ಕಥೆ ಸಂಜೆಯೊಳಗೆ ಊರೆಲ್ಲ ಆಯಿತು, ಹೇಳಿದವರೆಲ್ಲ ಒಂದೊಂದು ಸಾಲು ಸೇರಿಸಿದರು. ನಾನು ಸೇರಿಸಿಲ್ಲ, ನಡೆದಷ್ಟೇ ಹೇಳಿದ್ದೇನೆ.

ಆ ಕೋಣೆಯಲ್ಲಿ ಉಸಿರಾಟದ ಯಂತ್ರದ ಮೇಲಿರುವವರನ್ನು ಮಲಗಿಸುತ್ತಾರೆ. ಗಂಟಲಿಗೆ ಕೊಳವೆ ಇಳಿಸಿದ ಮನುಷ್ಯ ಉಗುಳಲಾರ, ನುಂಗಲಾರ, ಸರಿಯಾಗಿ ಕೆಮ್ಮಲೂ ಆರ. ಬಾಯಿಯ ಕೊಳೆ, ಹೊಟ್ಟೆಯಿಂದ ಮೇಲೆ ಬಂದ ಹುಳಿ, ಎಲ್ಲ ಆ ಕೊಳವೆಯ ಪಕ್ಕದಿಂದ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಜಾರುತ್ತದೆ. ನ್ಯುಮೋನಿಯಾ ಹಿಡಿಯುತ್ತದೆ. ಯಾವ ಕಾಯಿಲೆಗೆ ಬಂದಿದ್ದನೋ ಅದು ವಾಸಿಯಾಗುವ ಹೊತ್ತಿಗೆ, ಬರುವಾಗ ಇಲ್ಲದ ಕಾಯಿಲೆ ಅವನನ್ನು ಹೊತ್ತುಕೊಂಡು ಹೋಗುತ್ತದೆ. ಅದನ್ನು ತಡೆಯುವ ಕೆಲಸದಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕೈ ತೊಳೆಯಬೇಕು. ರೋಗಿಯ ಹಲ್ಲುಜ್ಜಬೇಕು, ಜೊಲ್ಲು ಹೀರಿ ತೆಗೆಯಬೇಕು. ಕೊಳವೆಯ ತುದಿಯಲ್ಲಿ ಸಂದು ಮುಚ್ಚುವ ಬಲೂನಿನ ಗಾಳಿ ಸರಿಯಾಗಿದೆಯೇ ನೋಡಬೇಕು. ತಲೆಯ ಕಡೆ ಹಾಸಿಗೆ ಏರಿಯೇ ಇರಬೇಕು, ಮೂವತ್ತು ಡಿಗ್ರಿಗಿಂತ ಕೆಳಗೆ ಇಳಿಯಬಾರದು. ದಿನಾ ಬೆಳಿಗ್ಗೆ, ಇವನು ತಾನೇ ಉಸಿರಾಡಬಲ್ಲನೇ ಅಂತ ಪರೀಕ್ಷಿಸಬೇಕು. ಇಷ್ಟೇ. ಆದರೆ ಇದನ್ನು ದಿನಕ್ಕೆ ನಾಲ್ಕಾರು ಸಲ, ಎಂಟು ಹಾಸಿಗೆಗೆ, ಬೇಸರವಿಲ್ಲದೆ, ಒಂದೂ ತಪ್ಪದೆ ಮಾಡಬೇಕು. ಮಾಡಿ ನೋಡಿ, ಆಗ ಗೊತ್ತಾಗುತ್ತೆ!

ಕೋಣೆಯ ಗೋಡೆಯಲ್ಲಿ ಒಂದು ಹಲಗೆ. ನ್ಯುಮೋನಿಯಾ ಇಲ್ಲದೆ ಕಳೆದ ದಿನಗಳ ಎಣಿಕೆಯನ್ನು ಇನ್ಶಿರಾ ದಿನಾ ಬೆಳಿಗ್ಗೆ ಅದರ ಮೇಲೆ ಬರೆಯುತ್ತಾಳೆ. ನಾನು ಹೇಳುತ್ತಿರುವ ಕಾಲಕ್ಕೆ ಆ ಹಲಗೆಯಲ್ಲಿ ಇನ್ನೂರ ಹದಿನಾಲ್ಕು ಅಂತ ಇತ್ತು.

ಅವಳು ಹುಟ್ಟಿದ್ದು ಬಡಗಿಗಳ ಮನೆಯಲ್ಲಿ. ನಮ್ಮೂರಿನಲ್ಲಿ ಬಡಗಿಯಲ್ಲದವನು ಬಡಗಿಯ ಅಳಿಯ ಅಷ್ಟೇ. ಕೈ ಪಳಗಿದ ಬಡಗಿಯನ್ನು ನಮ್ಮಲ್ಲಿ ಉಸ್ತಾ ಅನ್ನುತ್ತಾರೆ; ಅಪ್ಪ ಉಸ್ತಾ ಬದವಿ, ಅಣ್ಣ ಉಸ್ತಾ ಶಹಾತಾ. ಕೆಳಗೆ ಮರದ ಕಾರ್ಖಾನೆ, ಮೇಲೆ ಮನೆ. ಇನ್ಶಿರಾ ಇಪ್ಪತ್ತನಾಲ್ಕಕ್ಕೆ ನರ್ಸ್ ಕೆಲಸಕ್ಕೆ ಸೇರಿದಳು. ಮರುವರ್ಷ ಒಳ್ಳೆ ಮನೆತನದ ಸಂಬಂಧವೊಂದು ಗೊತ್ತಾಗಿತ್ತು. ಹುಡುಗಿಗೆ ರಾತ್ರಿ ಪಾಳಿ ಇದೆ, ಕಂಡ ಗಂಡಸರ ಮೈ ಮುಟ್ಟುತ್ತಾಳೆ ಅಂತ ತಿಳಿದದ್ದೇ ತಡ, ಅವರು ಮಾತು ಮುರಿದರು. ಅವತ್ತು ಅವಳು ಅಪ್ಪನಿಗೆ ಊಟ ಕೊಡಲು ಕಾರ್ಖಾನೆಗೆ ಬಂದಾಗ ಶಹಾತಾ ಉಳಿ ಬಿಸಾಡಿ ಎದ್ದ. ಆಳುಗಳೆಲ್ಲ ನೋಡುತ್ತಿದ್ದರು.

"ಕಂಡವರ ಜೊಲ್ಲು ಬಳಿಯೋಳು ಈ ಹೊಸಿಲು ತುಳೀಬಾರದು. ಊಟ ಅಲ್ಲೇ ಇಟ್ಟು ಹೋಗು."

ಅವಳು ಊಟ ಹೊಸಿಲ ಮೇಲಿಟ್ಟಳು, ಹೋದಳು. ಆಮೇಲೆ ಇಪ್ಪತ್ತೇಳು ವರ್ಷ ಆ ಹೊಸಿಲು ತುಳಿಯಲಿಲ್ಲ. ಹಬ್ಬಕ್ಕೆ ಅಮ್ಮನನ್ನು ನೋಡಲು ಹಿಂದಿನ ಮೆಟ್ಟಿಲಿಂದ ಹೋಗುವಳು. ಅಣ್ಣ ಎದುರಾದರೆ ಸಲಾಂ, ಅದಕ್ಕೆ ಸಲಾಂ, ಮುಗಿಯಿತು. ಹೆಸರು ಹಿಡಿದು ಕರೆದದ್ದೇ ಇಲ್ಲ. ಮದುವೆಯ ಮಾತು ಮತ್ತೆ ಎದ್ದಾಗಲೆಲ್ಲ ಅವಳೇ ಬೇಡ ಅಂದಳು. ಯಾಕೆ ಅಂತ ಕೇಳಿದರೆ, "ಎಂಟು ಜನ ಸಾಕಾಗಿದೆ ನನಗೆ," ಅಂತ ನಗಾಡುತ್ತಿದ್ದಳು. ಆ ನಗುವಿನ ಹಿಂದೆ ಆ ಒಂದು ಮಾತು ಮುಳ್ಳಾಗಿ ಉಳಿದಿತ್ತು. ಅವಳು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಅಪ್ಪ ಬದವಿ ಬೇರೆ ಥರದ ಮನುಷ್ಯ. ಒಂದು ಸಲ ಇನ್ಶಿರಾ, ಹಾಸಿಗೆಗಳ ಪಕ್ಕದ ಅಂಕಿಗಳೆಲ್ಲ ಅಳಿಸಿಹೋಗಿವೆ, ಮೂವತ್ತು ಡಿಗ್ರಿಯನ್ನು ಎಲ್ಲರೂ ಅಂದಾಜಿನಲ್ಲಿ ಇಡುತ್ತಾರೆ ಅಂತ ಮಾತಿಗೆ ಹೇಳಿದಳು. ಮುದುಕ ಚಹಾ ಲೋಟ ಕೆಳಗಿಟ್ಟ.

"ಅಂದಾಜಾ? ಅಂದಾಜಿನಲ್ಲಿ ನಾನು ಒಂದು ಸ್ಟೂಲನ್ನೂ ಹೊರಗೆ ಬಿಡಲ್ಲ. ನೀವು ಮನುಷ್ಯರನ್ನ ಮಲಗಿಸ್ತೀರಾ?"

ಮೂರು ದಿನ ಬಿಟ್ಟು ಕೈಗಿಟ್ಟ. ಬೀಚ್ ಅನ್ನುವ ಗಟ್ಟಿ ಮರದ ಒಂದು ತುಂಡು, ರೊಟ್ಟಿಯ ಕಾಲುಭಾಗದ ಆಕಾರ. ಮೂಲೆಯಿಂದ ಒಂದು ನೂಲು, ನೂಲಿನ ತುದಿಗೆ ಸೀಸದ ಗುಂಡು. ದುಂಡು ಅಂಚಿನಲ್ಲಿ ಕೊರೆದ ಎರಡು ಗೆರೆ, ಒಂದು ಮೂವತ್ತು, ಒಂದು ನಲವತ್ತೈದು. ಹಾಸಿಗೆಯ ಬೆನ್ನುಪಟ್ಟಿಗೆ ಹಿಡಿದರೆ ನೂಲು ಆ ಎರಡು ಗೆರೆಗಳ ನಡುವೆ ಬೀಳಬೇಕು. ಹಿಂಬದಿಯಲ್ಲಿ ಮೂರು ಸಣ್ಣ ಕಚ್ಚು, ಅದು ಬದವಿಯ ಗುರುತು. ಮರುವರ್ಷ ಮುದುಕ ತೀರಿಕೊಂಡ. ಆ ತುಂಡು ಆಸ್ಪತ್ರೆಯ ಗೋಡೆಯ ಮೊಳೆಗೆ ನೇತುಬಿದ್ದು, ದಿನಕ್ಕೆ ಹತ್ತು ಸಲ ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು, ಬಣ್ಣ ಕಳೆದುಕೊಂಡು ಬೆಳ್ಳಗಾಯಿತು. ಗೆರೆ ಮಾತ್ರ ಅಳಿಯಲಿಲ್ಲ.

ಇಂಥ ಕೋಣೆಗೆ ಒಂದು ಬುಧವಾರ ಬೆಳಿಗ್ಗೆ ಶಹಾತಾನನ್ನು ತಳ್ಳಿಕೊಂಡು ಬಂದರು.

ವಾರದ ಹಿಂದೆ ಹೊಟ್ಟೆ ಕೆಟ್ಟಿತ್ತಂತೆ. ಅದು ನಿಂತಿತು, ಕಾಲು ಜೋಮು ಹಿಡಿಯಿತು. ಎರಡು ದಿನಕ್ಕೆ ಕೈಯಲ್ಲಿ ಉಳಿ ನಿಲ್ಲಲಿಲ್ಲ. ನಾಲ್ಕನೇ ದಿನ ಉಸಿರೇ ಮೇಲೆ ಬರಲಿಲ್ಲ. ನರಗಳು ಕಾಲಿನಿಂದ ಮೇಲಕ್ಕೆ ಒಂದೊಂದಾಗಿ ಸೋಲುತ್ತ ಬರುವ ಕಾಯಿಲೆ. ಕೊಳವೆ ಇಳಿಸಿದರು, ಯಂತ್ರಕ್ಕೆ ಸೇರಿಸಿದರು. ಮೂರನೇ ಹಾಸಿಗೆ.

ವಾರ್ಡಿನ ಡಾಕ್ಟರು ಲಮ್ಯಾ, ಮೂವತ್ತು ದಾಟದ ಹುಡುಗಿ, ಇನ್ಶಿರಾಳನ್ನು ಪಕ್ಕಕ್ಕೆ ಕರೆದಳು.

"ಮಿಸ್, ಈ ಕಾಯಿಲೆ ತಾನಾಗೇ ಇಳಿಯುತ್ತೆ. ಎರಡು ವಾರವೋ, ನಾಲ್ಕು ವಾರವೋ. ರಕ್ತ ಶುದ್ಧಿ ಮಾಡ್ತೀವಿ, ನರ ಚೇತರಿಸ್ಕೊಳ್ಳುತ್ತೆ. ಅಲ್ಲೀವರೆಗೆ ಶ್ವಾಸಕೋಶ ಉಳಿದ್ರೆ ನಿಮ್ಮಣ್ಣ ಉಳಿದಂಗೆ. ಈ ಸ್ಥಿತೀಲಿ ನ್ಯುಮೋನಿಯಾ ಹಿಡೀತು ಅಂದ್ರೆ..." ಅಂದು ನಿಲ್ಲಿಸಿದಳು.

"ಗೊತ್ತು ಡಾಕ್ಟ್ರೇ."

"ಸ್ವಂತದವರನ್ನ ನೋಡ್ಕೊಳ್ಳೋದು ಕಷ್ಟ. ಮೂರನೇ ಹಾಸಿಗೆ ನಮ್ಮ ಚಿಕ್ಕ ನರ್ಸು ಇರೀನಿಗೆ ಕೊಡ್ಲಾ?"

"ಎಂಟೂ ನನ್ನ ಸ್ವಂತದವೇ. ಇದೊಂದನ್ನ ಯಾಕೆ ಬೇರೆ ಮಾಡ್ತೀರಿ?" ಅಂದಳು ಇನ್ಶಿರಾ. ಧ್ವನಿ ಗಟ್ಟಿಯಾಗೇ ಇತ್ತು. ಕೈ ತೊಳೆಯಲು ಹೋದವಳು ಮಾತ್ರ ಅವತ್ತು ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ಕಾಯಿಲೆಯ ಕ್ರೌರ್ಯ ಏನೆಂದರೆ, ಶಹಾತಾನಿಗೆ ಎಚ್ಚರ ಇತ್ತು. ಬೆರಳು ಅಲ್ಲಾಡದು, ತುಟಿ ಅಲ್ಲಾಡದು. ಕಿವಿ ಕೇಳುತ್ತದೆ, ಕಣ್ಣು ನೋಡುತ್ತದೆ, ರೆಪ್ಪೆ ಮಾತ್ರ ಹೊಡೆಯುತ್ತದೆ. ಒಂದು ಸಲ ಹೊಡೆದರೆ ಹೌದು, ಎರಡು ಸಲ ಹೊಡೆದರೆ ಇಲ್ಲ. ಇಪ್ಪತ್ತೇಳು ವರ್ಷ ಮುಖ ತಿರುಗಿಸಿದ್ದವನಿಗೆ ಈಗ ಮುಖ ತಿರುಗಿಸುವ ಶಕ್ತಿ ಇರಲಿಲ್ಲ.

ಇನ್ಶಿರಾ ಎಲ್ಲ ರೋಗಿಗಳಿಗೂ ಹೇಳುವಂತೆ ಅವನಿಗೂ ಹೇಳಿ ಹೇಳಿ ಮಾಡುತ್ತಿದ್ದಳು. "ಅಣ್ಣಾ, ಹಲ್ಲುಜ್ಜುತೀನಿ. ಈಗ ಬಾಯಲ್ಲಿರೋದು ಹೀರಿ ತೆಗೀತೀನಿ, ಸ್ವಲ್ಪ ಕಸಿವಿಸಿ ಆಗುತ್ತೆ. ಈಗ ಬಲೂನಿನ ಗಾಳಿ ನೋಡ್ತೀನಿ. ಕೊಳವೇಲಿ ನೀರು ನಿಂತಿದೆ, ನಿನ್ನ ಕಡೆ ಬರ್ದೇ ಇರೋ ಹಾಗೆ ಚೆಲ್ತೀನಿ." ಕಡೆಗೆ ಗೋಡೆಯಿಂದ ಆ ಬೀಚ್ ತುಂಡು ತೆಗೆದು ಹಾಸಿಗೆಗೆ ಹಿಡಿಯುವಳು. "ಮೂವತ್ತರ ಕೆಳಗೆ ಇಳಿದ್ರೆ ಹೊಟ್ಟೇಲಿರೋದು ಎದೆಗೆ ಬರುತ್ತೆ. ಅದಕ್ಕೇ ಇದು."

ಮೊದಲ ದಿನ ಅವಳು ಅದನ್ನು ಹಿಡಿದಾಗ ಹಿಂಬದಿ ಅವನ ಕಣ್ಣೆದುರೇ ಬಂತು. ಮೂರು ಕಚ್ಚು. ಅಪ್ಪನ ಕೈ ಅವನಿಗೆ ಗೊತ್ತಿಲ್ಲದೇ ಇರುತ್ತದೆಯೇ? ಅದನ್ನೇ ದಿಟ್ಟಿಸಿದ. ಕಣ್ಣಿನ ಅಂಚಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಇನ್ಶಿರಾ ಅದನ್ನೂ ಒರೆಸಿದಳು.

ಮೂರನೇ ದಿನ ಮಧ್ಯಾಹ್ನ ಅಮ್ಮ ಬಂದಳು. ಹಾಜಾ ನಫೂಸಾ, ಹಜ್ ಮುಗಿಸಿ ಬಂದ ಎಂಬತ್ತರ ಮುದುಕಿ, ಕೋಲೂರಿಕೊಂಡು, ಕಪ್ಪು ಬಟ್ಟೆಯ ಮಡಿಲಲ್ಲಿ ಒಂದು ಸಣ್ಣ ಬಾಟಲಿ ಬಚ್ಚಿಟ್ಟುಕೊಂಡು. ಮಕ್ಕಾದ ಜಮ್‌ಜಮ್ ನೀರು, ತನ್ನ ಹೆಣಕ್ಕೆ ಚಿಮುಕಿಸಲಿ ಅಂತ ಹನ್ನೊಂದು ವರ್ಷದಿಂದ ತೆಗೆದಿಟ್ಟಿದ್ದು.

"ಎರಡೇ ಎರಡು ಹನಿ, ಇನ್ಶಿರಾ. ನಾಲಿಗೆ ಒದ್ದೆ ಆಗಲಿ."

"ಇಲ್ಲಮ್ಮ."

"ಇಲ್ಲ ಅಂದ್ರೆ? ಹೆತ್ತವಳು ಕೇಳ್ತಿದೀನಿ ಕಣೇ."

"ಯಾರು ಕೇಳಿದ್ರೂ ಇಲ್ಲ." ಕಡ್ಡಿ ಮುರಿದ ಹಾಗೆ ಹೇಳಿದಳು.

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. ಧ್ವನಿ ಏರಿತು. "ಗೊತ್ತಾಯ್ತು ಬಿಡೇ! ಅವತ್ತು ಅವನು ಅಂದ ಮಾತಿಗೆ ಇವತ್ತು ಸೇಡು ತೀರಿಸ್ಕೋತಿದ್ದೀಯ. ಕೈಲಾಗ್ದೇ ಮಲಗಿರೋನ ಮೇಲೆ!"

ಇರೀನಿ ಕೈಯಲ್ಲಿದ್ದ ಹತ್ತಿ ಹಿಡಿದುಕೊಂಡೇ ದೂರದ ಹಾಸಿಗೆಯ ಕಡೆ ಸರಿದುಹೋದಳು. ಇನ್ಶಿರಾಳ ಮುಖ ಕೆಂಪಾಯಿತು. ಒಂದು ಕುರ್ಚಿ ಎಳೆದು ಅಮ್ಮನನ್ನು ಕೂರಿಸಿದಳು, ಮುಂದೆ ಮಂಡಿ ನೋವನ್ನೂ ಲೆಕ್ಕಿಸದೆ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ಯಾರಿಗೂ ಹೇಳದ್ದು ಹೇಳ್ತೀನಿ ಕೇಳು. ಹತ್ತೊಂಬತ್ತು ವರ್ಷದ ಕೆಳಗೆ ಇದೇ ಕೋಣೇಲಿ ಗಾಲಿಯಾ ಅಂತ ಒಬ್ಬಳು. ಮದುವೆಯಾಗಿ ಎರಡು ತಿಂಗಳು. ಕಾರು ಅಪಘಾತ. ದಿನಾ ಚೇತರಿಸ್ಕೊತಾ ಇದ್ಲು. ಅವಳ ಅಮ್ಮ ಹೀಗೇ ಬಾಟ್ಲಿ ತಂದ್ಲು, ಹೀಗೇ ಅತ್ಲು. ನಂಗೆ ಕರುಳು ಚುರ್ ಅಂತು. 'ಬೇಗ' ಅಂತ ಹೇಳಿ ಕಿಟಕಿ ಕಡೆ ತಿರುಗಿ ನಿಂತೆ. ಮೂರು ಚಮಚ ಹಾಕಿದ್ಲು. ಆರನೇ ದಿನಕ್ಕೆ ಜ್ವರ. ಹನ್ನೊಂದನೇ ದಿನಕ್ಕೆ ಇಲ್ಲ."

"ಆ ನೀರಿಂದಲೇ ಅಂತ..."

"ಗೊತ್ತಿಲ್ಲ. ಆ ನೀರಿಂದಲೋ, ಬೇರೆ ಯಾವುದರಿಂದಲೋ, ಯಾವ ಡಾಕ್ಟ್ರೂ ಹೇಳಲಾರ. ಯಾರೂ ನನ್ನ ಬೈಲಿಲ್ಲ. ಆ ತಾಯಿ ನನ್ನ ಕೈ ಹಿಡ್ಕೊಂಡು, ನಂಗೆ ಒಳ್ಳೇದಾಗ್ಲಿ ಅಂತ ದುವಾ ಮಾಡಿ ಹೋದ್ಲು ಕಣಮ್ಮ. ಅದೇ ನನಗೆ ತಡಕೊಳ್ಳೋಕೆ ಆಗದ್ದು. ನೀರು ಪವಿತ್ರವೇ, ಇಲ್ಲ ಅಂದವರ್ಯಾರು? ಆದ್ರೆ ಇವನ ಗಂಟಲು ಈಗ ನುಂಗಲ್ಲ. ಎಂಥ ನೀರಾದ್ರೂ ಎದೆಗೇ ಇಳಿಯುತ್ತೆ."

ಮುದುಕಿ ಬಾಟಲಿಯನ್ನು ಮಡಿಲಿಗೆ ಒತ್ತಿ ಹಿಡಿದಳು. ಕಡೆಗೆ, "ಹಂಗಾದ್ರೆ ನಾನೇನು ಮಾಡ್ಲಿ? ಕೈ ಕಟ್ಕೊಂಡು ನೋಡ್ತಾ ಕೂರ್ಲಾ?" ಅಂದಳು. ಅದು ಸಿಟ್ಟಲ್ಲ, ನಿಜವಾಗಿ ಕೇಳಿದ್ದು.

"ಕೈ ತೊಳ್ಕೊಂಡು ಬಾ. ನೀನೇ ಅವನ ಹಲ್ಲುಜ್ಜು."

ಅಮ್ಮನ ಕೈಗೆ ಮೆತ್ತನೆಯ ಬ್ರಷ್ ಕೊಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಹೀರುವ ನಳಿಗೆ ಹಿಡಿದು ಇನ್ಶಿರಾ ನಿಂತಳು. ಮುದುಕಿ ಬಗ್ಗಿ ಉಜ್ಜತೊಡಗಿದಳು. "ಆಆ ಅನ್ನು ಕಂದಾ, ನನ್ನಪ್ಪಾ, ಕಚ್ಚಬೇಡ... ಐದು ವರ್ಷದವನಿದ್ದಾಗ ನನ್ನ ಬೆರಳು ಕಚ್ಚಿದ್ದ ಕಣೇ ಇವನು, ಗುರುತು ಇನ್ನೂ ಇದೆ!" ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. ಬಾಟಲಿಯ ನೀರನ್ನು ಮಗನ ಹಣೆಗೆ, ಎರಡು ಅಂಗೈಗೆ ಹಚ್ಚಿದಳು. ಉಳಿದದ್ದನ್ನು ಮುಚ್ಚಳ ಹಾಕಿ ಮತ್ತೆ ಮಡಿಲಿಗಿಟ್ಟುಕೊಂಡಳು. ಅವತ್ತಿಂದ ದಿನಾ ಮೂರು ಗಂಟೆಗೆ ಬಂದು ಆ ಒಂದು ಸರದಿ ಅವಳೇ ಮಾಡಿದಳು. ಒಂದು ದಿನ ಇರೀನಿಗೇ, "ನೀನು ಹಿಂದಿನ ಹಲ್ಲು ಸರಿಯಾಗಿ ಉಜ್ಜಲ್ಲ," ಅಂತ ಪಾಠ ಹೇಳಿದಳಂತೆ.

ಗಾಲಿಯಾಳ ಕಥೆಯನ್ನು ಕೇಳಿದವರು ಇಬ್ಬರು. ಒಬ್ಬಳು ಅಮ್ಮ. ಇನ್ನೊಬ್ಬ, ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದವನು.

ಎಂಟನೇ ದಿನ ಆಗಬಾರದ್ದು ಆಯಿತು. ನಮ್ಮೂರಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾರದ ತಪ್ಪು.

ಕಾರ್ಖಾನೆಯ ಐದು ಜನ ಬಡಗಿಗಳು ಯಜಮಾನನನ್ನು ನೋಡಲು ಬಂದರು. ಹಿರಿಯ ಆಳು ಅಶ್ಮಾವಿ ಮುಂದೆ. ಒಳಗೆ ಇಬ್ಬರಿಗೇ ಅಪ್ಪಣೆ, ಐವರೂ ನುಗ್ಗಿದರು. ಇನ್ಶಿರಾ ಕೈಗವಸು ತರಲು ಕೆಳಗಿನ ದಾಸ್ತಾನಿಗೆ ಹೋಗಿದ್ದಳು. ಇರೀನಿ ಆರನೇ ಹಾಸಿಗೆಯವನಿಗೆ ರಕ್ತದ ಒತ್ತಡ ಬಿದ್ದು ಅಲ್ಲಿ ಒದ್ದಾಡುತ್ತಿದ್ದಳು. ಬಡಗಿಗಳು ನೋಡುತ್ತಾರೆ, ಉಸ್ತಾನ ಹಾಸಿಗೆ ಓರೆ!

"ಇದೇನ್ರೋ ಇದು," ಅಂದ ಅಶ್ಮಾವಿ. "ಊರಿಗೆಲ್ಲ ಮಟ್ಟ ಕಲಿಸಿದ ಮನುಷ್ಯನ್ನ ಹಿಂಗೆ ಜಾರೋ ಥರ ಮಲಗಿಸೋದಾ?"

ಹಾಸಿಗೆಯ ಕೆಳಗಿನ ತಿರುಗಣೆ ಹಿಡಿದು ತಿರುಗಿಸಿದ. ಜೇಬಿನಲ್ಲಿ ಸಮ ನೋಡುವ ರಸಮಟ್ಟ ಇದ್ದೇ ಇತ್ತಲ್ಲ, ಅದನ್ನು ಪಟ್ಟಿಯ ಮೇಲಿಟ್ಟು, ಗುಳ್ಳೆ ನಡುಮಧ್ಯಕ್ಕೆ ಬರುವವರೆಗೆ ತಿರುಗಿಸಿದ. ಮೂಗಿನ ನಳಿಗೆಯಲ್ಲಿ ಹೊಟ್ಟೆಗೆ ಆಹಾರ ಹೋಗುತ್ತಲೇ ಇತ್ತು. ಶಹಾತಾ ಪಟಪಟ ಎರಡೆರಡು ಸಲ ರೆಪ್ಪೆ ಹೊಡೆದ. ಇಲ್ಲ, ಇಲ್ಲ, ಇಲ್ಲ. ಬಡಗಿಗಳಿಗೆ ಆ ಲೆಕ್ಕ ಎಲ್ಲಿ ಗೊತ್ತು?

"ನೋಡ್ರೋ, ಉಸ್ತಾಗೆ ಎಷ್ಟು ಹಾಯಾಯ್ತು! ಥ್ಯಾಂಕ್ಸ್ ಹೇಳ್ತಾವ್ರೆ ಕಣ್ಣಲ್ಲೇ," ಅಂದ ಅಶ್ಮಾವಿ. ಐವರೂ ಕಣ್ಣೊರೆಸಿಕೊಂಡರು.

ಇಪ್ಪತ್ತು ನಿಮಿಷ ಹಾಗೇ ಇತ್ತು. ಇನ್ಶಿರಾ ಬಂದಳು, ನೋಡಿದಳು, ಕೈಗವಸಿನ ಪೆಟ್ಟಿಗೆ ಕೆಳಗೆ ಬಿತ್ತು. ಮೊದಲು ಆಹಾರ ನಿಲ್ಲಿಸಿದಳು, ಹಾಸಿಗೆ ಎತ್ತಿದಳು, ಬಾಯಲ್ಲೂ ಬಲೂನಿನ ಮೇಲೂ ನಿಂತದ್ದನ್ನೆಲ್ಲ ಹೀರಿ ತೆಗೆದಳು. ಆಮೇಲೆ ತಿರುಗಿದಳು.

"ಯಾರು ಮಾಡಿದ್ದು?"

"ನಾನೇ ಮಿಸ್," ಅಂದ ಅಶ್ಮಾವಿ ಹೆಮ್ಮೆಯಿಂದ. "ಗುಳ್ಳೆ ಒಂದು ಕೂದಲೆಳೇನೂ ಆಚೀಚೆ ಇರ್ಲಿಲ್ಲ."

"ನಿನ್ನ ಗುಳ್ಳೆ ಹಾಳಾಗ! ಮೇಜು ಮಾಡ್ತಿದ್ದೀಯೇನೋ ನನ್ನಣ್ಣನ್ನ? ಹೊರಗೆ! ಐದು ಜನಾನೂ ಹೊರಗೆ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಆ ಆಸ್ಪತ್ರೆ ಅದಕ್ಕೆ ಮೊದಲು ಕೇಳಿರಲಿಲ್ಲ. ಬಡಗಿಗಳು ಚಪ್ಪಲಿ ಬಿಟ್ಟು ಓಡಿದರು. ಬೀಚ್ ತುಂಡು ತೆಗೆದು ಹಾಸಿಗೆಗೆ ಹಿಡಿದ ರಭಸಕ್ಕೆ ಸೀಸದ ಗುಂಡು ತೂಗಾಡಿತು, ಬೇಗ ನಿಲ್ಲಲಿಲ್ಲ. ಶಹಾತಾ ಆ ಗುಂಡನ್ನೇ ನೋಡುತ್ತಿದ್ದ. ಅದು ನಿಂತ ಮೇಲೆ ತಂಗಿಯ ಮುಖ ನೋಡಿ ಒಂದು ಸಲ ರೆಪ್ಪೆ ಹೊಡೆದ. ಹೌದು, ಸರಿಯಾಯಿತು.

ಮರುದಿನ ಬೆಳಿಗ್ಗೆ ಜ್ವರ ಬಂತು. ಮೂವತ್ತೆಂಟೂವರೆ.

ಇನ್ಶಿರಾ ಅವತ್ತು ಹಲಗೆಯ ಮೇಲೆ ಅಂಕಿ ಬರೆಯಲಿಲ್ಲ. ಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದು ನಿಂತವಳು ಅದನ್ನು ಮತ್ತೆ ಡಬ್ಬಿಗೆ ಹಾಕಿದಳು. ಗಾಲಿಯಾ ಕಣ್ಣ ಮುಂದೆ ಬಂದು ನಿಂತಿದ್ದಳು. ಎದೆಯ ಎಕ್ಸ್‌ರೇ ತೆಗೆದರು. ಕೊಳವೆಯೊಳಗಿನ ಕಫ ಪರೀಕ್ಷೆಗೆ ಹೋಯಿತು. ಡಾಕ್ಟರ್ ಲಮ್ಯಾ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಸ್ವಚ್ಛವಾಗೇ ಇದೆ ಮಿಸ್. ಆದ್ರೆ ಇಷ್ಟು ಬೇಗ ಹೇಳೋಕಾಗಲ್ಲ. ಇನ್ನೆರಡು ದಿನ ಕಾಯಬೇಕು."

"ಕಾಯ್ತೀನಿ," ಅಂದಳು. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲವಲ್ಲ. ಅಣ್ಣನ ಮೈಯನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಇಂಚಿಂಚು ಹುಡುಕಿದಳು. ಎಡಗೈಗೆ ಹಾಕಿದ್ದ ಡ್ರಿಪ್ಪಿನ ಸೂಜಿ, ಅದರ ಪಟ್ಟಿ ಬಿಚ್ಚಿದಾಗ ಸುತ್ತ ಕೆಂಪಾಗಿ ಬಾತುಕೊಂಡಿತ್ತು, ಮುಟ್ಟಿದರೆ ಸುಡುತ್ತಿತ್ತು. "ಡಾಕ್ಟ್ರೇ, ಇಲ್ಲಿ ಬನ್ನಿ!" ಸೂಜಿ ಕಿತ್ತರು, ಇನ್ನೊಂದು ಕೈಗೆ ಹೊಸದು ಹಾಕಿದರು, ಔಷಧಿ ಕೊಟ್ಟರು. ಎರಡನೇ ದಿನಕ್ಕೆ ಜ್ವರ ಇಳಿಯಿತು. ಎರಡನೇ ಎಕ್ಸ್‌ರೇಯೂ ಸ್ವಚ್ಛ, ಕಫದ ಪರೀಕ್ಷೆಯಲ್ಲೂ ಏನಿಲ್ಲ. ಇನ್ಶಿರಾ ಡಬ್ಬಿಯಿಂದ ಸುಣ್ಣದ ಕಡ್ಡಿ ತೆಗೆದು, ಬಿಟ್ಟುಹೋಗಿದ್ದ ದಿನಗಳನ್ನೂ ಸೇರಿಸಿ ದಪ್ಪ ಅಕ್ಷರದಲ್ಲಿ ಬರೆದಳು: ಇನ್ನೂರ ಇಪ್ಪತ್ತನಾಲ್ಕು. ಬರೆದು ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು. ಹೊಟ್ಟೆಗೆ ಹಾಲೆರೆದ ಹಾಗಾಯಿತು.

ಹದಿನಾಲ್ಕನೇ ದಿನ ಶಹಾತಾನ ಬಲಗೈ ಹೆಬ್ಬೆರಳು ಅಲ್ಲಾಡಿತು. ಬೆಳಗಿನ ಪರೀಕ್ಷೆಯಲ್ಲಿ ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಎರಡು ಗಂಟೆ ತಾನೇ ಉಸಿರೆಳೆದ. ಹದಿನೇಳನೇ ದಿನ ಕೊಳವೆ ತೆಗೆದರು. ಕೆಮ್ಮಿದ. ಏನು ಕೆಮ್ಮು ಅಂತೀರಿ! ಆ ಕೆಮ್ಮಿಗೆ ಇರೀನಿ ಚಪ್ಪಾಳೆ ತಟ್ಟಿದಳು. ಒಣಗಿದ ತುಟಿ ಒಂದಕ್ಕೊಂದು ಅಂಟಿತ್ತು. ಹರಿದ ಗಂಟಲಿಂದ ಮೊದಲ ಮಾತು ಬಂತು.

"ಇನ್ಶಿರಾ... ನೀರು."

ಇಪ್ಪತ್ತೇಳು ವರ್ಷಕ್ಕೆ ಅಣ್ಣ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇನ್ಶಿರಾಳ ಕಣ್ಣು ತುಂಬಿತು, ಕೆನ್ನೆಯ ಮೇಲೆ ಹರಿಯಿತು. ಮೂಗೊರೆಸಿಕೊಂಡಳು.

"ಇಲ್ಲ," ಅಂದಳು. "ನುಂಗೋ ಪರೀಕ್ಷೆ ಆಗೋವರೆಗೂ ಒಂದು ತೊಟ್ಟೂ ಇಲ್ಲ."

ಮರುದಿನ ಪರೀಕ್ಷೆ ಗೆದ್ದ. ನೇರ ಕೂರಿಸಿದರು. ಹಾಜಾ ನಫೂಸಾ ಮಡಿಲಿಂದ ಅದೇ ಬಾಟಲಿ ತೆಗೆದು, ಮಗಳ ಮುಖ ನೋಡಿದಳು. ಮಗಳು ತಲೆಯಾಡಿಸಿದ ಮೇಲೆ ಚಮಚಕ್ಕೆ ಸುರಿದಳು.

ಅದಾಗಿ ಐದು ತಿಂಗಳು. ಶಹಾತಾ ಕೋಲು ಹಿಡಿದು ಓಡಾಡುವಂತಾದ, ಬೆರಳುಗಳು ಉಳಿಯ ಮಾತು ಕೇಳತೊಡಗಿದವು. ಒಂದು ದಿನ ಅಶ್ಮಾವಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡಲು ಧೈರ್ಯ ಸಾಲದೆ, ಹೊರಗಿಂದಲೇ ಹೇಳಿದ: "ಮಿಸ್, ಉಸ್ತಾ ನಿಮ್ಮನ್ನ ಕಾರ್ಖಾನೆಗೆ ಬರೋಕೆ ಹೇಳಿದ್ರು. ಮುಂದಿನ ಬಾಗಿಲಿಂದ ಅಂತ ಎರಡು ಸಲ ಹೇಳಿದ್ರು."

ಪಾಳಿ ಮುಗಿಸಿ ಹೋದಳು. ಅಪ್ಪನ ಬೀಚ್ ತುಂಡು ಕೈಚೀಲದಲ್ಲಿತ್ತು, ನೂಲು ಸವೆದಿತ್ತು, ಹೊಸದು ಕಟ್ಟಿಸಿಕೊಳ್ಳೋಣ ಅಂತ. ಹೊಸಿಲ ಹತ್ತಿರ ಒಂದು ಗಳಿಗೆ ಕಾಲು ತಡೆಯಿತು. ಒಳಗೆ ಗರಗಸ ನಿಂತಿತು, ಆಳುಗಳೆಲ್ಲ ಎದ್ದು ನಿಂತರು. ಮನ್ಸೂರಾದಿಂದ ಮಂಚ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಶಹಾತಾ ಕೋಲೂರಿ ಎದ್ದ, ಬಾಗಿಲವರೆಗೆ ನಡೆದು ಬಂದ, ತಂಗಿಯ ಕೈ ಹಿಡಿದು ಹೊಸಿಲು ದಾಟಿಸಿದ. ಗಿರಾಕಿ ಬೆರಗಾದ.

"ಇವರು ಯಾರು ಉಸ್ತಾ? ನೀವೇ ಎದ್ದು ಬಂದ್ರಿ!"

ಶಹಾತಾನ ಗಂಟಲು ಇನ್ನೂ ಸರಿಹೋಗಿರಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದ. "ಇವಳಾ? ಹದಿನೇಳು ದಿನ ನನ್ನ ಜೊಲ್ಲು ಬಳಿದೋಳು. ನನ್ನ ತಂಗಿ. ಈ ಅಂಗಡಿ, ನಾನು, ನನ್ನ ಹೆಂಡ್ತಿ ಮಕ್ಕಳು, ಎಲ್ಲಾ ಇವತ್ತು ನಿಂತಿರೋದು ಆ ಕೆಲಸದಿಂದ. ನೀವೂ ಎದ್ದು ನಿಲ್ಲಿ ಯಜಮಾನ್ರೇ." ಗಿರಾಕಿ ಚಹಾ ಸಮೇತ ಎದ್ದು ನಿಂತ.

ಇನ್ಶಿರಾಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮುಳ್ಳು ಕಿತ್ತ ಜಾಗ ಒಮ್ಮೆ ನೋಯುತ್ತದಲ್ಲ, ಹಾಗೆ ಎದೆಯೊಳಗೆ ಏನೋ ನೊಂದು ಹಗುರಾಯಿತು. ಶಹಾತಾ ಮೇಜಿನ ಮೇಲಿದ್ದ ಬಟ್ಟೆ ಸರಿಸಿದ. ಬೀಚ್ ಮರದ ಕಾಲುರೊಟ್ಟಿಗಳು, ಹೊಸ ನೂಲು, ಹೊಸ ಗುಂಡು, ಮೂವತ್ತರ ಗೆರೆ, ನಲವತ್ತೈದರ ಗೆರೆ. ಹಾಸಿಗೆಗೊಂದು.

ಅವಳು ಎಣಿಸಿದಳು. "ಏಳೇ ಇದೆಯಲ್ಲಣ್ಣ? ಹಾಸಿಗೆ ಎಂಟು."

"ಎಂಟನೇದು ಅಪ್ಪ ಮಾಡಿದ್ದಿದೆಯಲ್ಲ. ಸುಮ್ನೆ ಯಾಕೆ ಮರ ದಂಡ?"

ಎಲ್ಲರೂ ಗೊಳ್ಳೆಂದು ನಕ್ಕರು. ನೆಂಟರು ಬಂದರೆ ಊಟ ಮಾಡ್ತೀರೋ, ಹೊಟ್ಟೆ ಹಗುರ ಇಟ್ಕೊಂಡು ಮಲಗ್ತೀರೋ ಅಂತ ಕೇಳುವ ಜಿಪುಣರು ಅಂತ ನಮ್ಮೂರಿನವರನ್ನು ಕೈರೋದವರು ಆಡಿಕೊಳ್ಳುವುದು ಸುಳ್ಳಲ್ಲ.

ಇನ್ಶಿರಾ ನಗಲಿಲ್ಲ, ಕೆಲಸಕ್ಕಿಳಿದಿದ್ದಳು. ಅಪ್ಪನದನ್ನು ಚೀಲದಿಂದ ತೆಗೆದು, ಹೊಸದೊಂದೊಂದನ್ನೂ ಅದರ ಮೇಲಿಟ್ಟು ಗೆರೆಗೆ ಗೆರೆ ಹೊಂದಿಸಿ ನೋಡತೊಡಗಿದಳು. ಒಂದು, ಎರಡು, ಮೂರು, ನಾಲ್ಕು, ಸರಿ. ಐದನೆಯದರ ಮೇಲೆ ಅವಳ ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಇಟ್ಟು ನೋಡಿದಳು. ಅದನ್ನು ಪಕ್ಕಕ್ಕಿಟ್ಟು ಅಣ್ಣನ ಕಡೆ ತಳ್ಳಿದಳು.

"ಇದರ ಮೂವತ್ತರ ಗೆರೆ ಒಂದು ಕೂದಲೆಳೆ ಕೆಳಗಿದೆ. ತಿದ್ದು."

ಆಳುಗಳ ಜೀವ ಬಾಯಿಗೆ ಬಂತು. ಉಸ್ತಾ ಶಹಾತಾನ ಕೆಲಸದಲ್ಲಿ ಅಪ್ಪ ಬದವಿ ಸತ್ತ ಮೇಲೆ ಯಾರೂ ತಪ್ಪು ತೆಗೆದಿರಲಿಲ್ಲ. ಅಶ್ಮಾವಿ ಎರಡು ಹೆಜ್ಜೆ ಹಿಂದೆ ಸರಿದ. ಶಹಾತಾ ಆ ತುಂಡನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಕೋಲನ್ನು ಗೋಡೆಗೊರಗಿಸಿದ, ಸ್ಟೂಲಿನ ಮೇಲೆ ಕೂತ, ಉಳಿ ಕೈಗೆ ತೆಗೆದುಕೊಂಡ.

"ಆಗಲಿ, ಮಿಸ್," ಅಂದ.